ತಲೆಬರಹ ಮಾತ್ರ ಉಳಿದ ನಕಾಶೆ

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ಹೊನ್ನಾವರ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಡಿಟಿಪಿ ಅಂಗಡಿ. ಅರ್ಜಿ, ಕರಾರು ಟೈಪ್ ಮಾಡುತ್ತಲೇ ತಲೆ ನರೆತವನು ನಾನು. ಕಂಪ್ಯೂಟರ್ ಕೈಕೊಟ್ಟರೆ ಬೇರೆ ಅಂಗಡಿಯವರೂ ನನ್ನನ್ನೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಮಾವಳ್ಳಿ ಕಡೆಯಿಂದ ಮಾದೇವಕ್ಕ ಬಂದಳು. ಒಣಮೀನಿನ ವ್ಯಾಪಾರದವಳು, ಹಳೆಯ ಪರಿಚಯ. ಅವಳ ಕೇರಿಯ ಹೆಂಗಸರು ಮೀನು ಒಣಗಿಸುವ ಕಡಲದಂಡೆಯನ್ನು ಯಾರೂ ಬಳಸದ ಖಾಲಿ ಜಾಗವೆಂದು ತೋರಿಸಿ ರೆಸಾರ್ಟಿಗೆ ಕೊಡುವ ಸರ್ಕಾರಿ ಪ್ರಸ್ತಾವವಿತ್ತು. ಅಲ್ಲಿ ಗೂಟವಿಲ್ಲ, ಬೇಲಿಯಿಲ್ಲ. ಯಾರ ಚಾಪೆ ಯಾರ ಪಕ್ಕ ಎಂಬುದು ಅತ್ತೆಯಿಂದ ಸೊಸೆಗೆ ಬರುವ ಪದ್ಧತಿ. ಊರಿನ ಶಿಕ್ಷಕರೊಬ್ಬರು ಅದನ್ನೇ ವರ್ಡ್‌ನಲ್ಲಿ ಚೌಕ ಚೌಕವಾಗಿ ಬಿಡಿಸಿ, ಹೆಸರು ಬರೆದು, ಆಕ್ಷೇಪಣೆ ಅರ್ಜಿಯ ಕೊನೆಯ ಪುಟಕ್ಕೆ ನಕಾಶೆಯಾಗಿ ಹಾಕಿಕೊಟ್ಟಿದ್ದರು. ಅವರ ಊರಿನ ಹತ್ತಿರದ ಅಂಗಡಿಯೊಂದರಲ್ಲಿ ಪಿಡಿಎಫ್ ಮಾಡಿಸಿ ಆನ್‌ಲೈನ್‌ನಲ್ಲಿ ಕಳಿಸಿಯೂ ಆಗಿತ್ತು. ಆಕ್ಷೇಪಣೆ ಸಲ್ಲಿಸುವ ಗಡುವು ದಾಟಿದ ಮೇಲೆ ಪ್ರಿಂಟ್ ತೆಗೆಸಿದರೆ ಆ ಪುಟದಲ್ಲಿ ತಲೆಬರಹ ಬಿಟ್ಟು ಬೇರೇನೂ ಇಲ್ಲ.

“ತಮ್ಮಾ, ಕಂಪ್ಯೂಟರಲ್ಲಿ ನಾನೇ ಕಂಡಿದ್ದೆ. ಈಗ ಎಂತಕ್ಕೆ ಇಲ್ಲ?”

ಪೆನ್‌ಡ್ರೈವ್‌ನಲ್ಲಿದ್ದ ವರ್ಡ್ ಫೈಲನ್ನು ನನ್ನಲ್ಲಿ ಪಿಡಿಎಫ್ ಮಾಡಿದೆ. ನಕಾಶೆ ಪೂರ್ತಿ ಬಂತು. ಅಂದರೆ ರೋಗ ಇದ್ದದ್ದು ಆ ಅಂಗಡಿಯ ಕಂಪ್ಯೂಟರಿಗೆ. ಇಬ್ಬರೂ ಬಸ್ ಹತ್ತಿ ಅಲ್ಲಿಗೆ ಹೋದೆವು. ಫಾಂಟ್ ನೋಡಿದೆ, ಮಾರ್ಜಿನ್ ನೋಡಿದೆ. ಕೊನೆಗೆ ವರ್ಡ್‌ನ ಆಪ್ಷನ್ಸ್‌ನಲ್ಲಿ ಡಿಸ್‌ಪ್ಲೇ ತೆರೆದೆ. ವರ್ಡ್‌ನಲ್ಲಿ ಬಿಡಿಸಿದ ಚಿತ್ರಗಳನ್ನು ಪ್ರಿಂಟ್ ಮಾಡಬೇಕೇ ಎಂಬುದಕ್ಕೆ ಅಲ್ಲೊಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ಗೆರೆ, ಚೌಕ, ಟೆಕ್ಸ್ಟ್ ಬಾಕ್ಸ್ ಎಲ್ಲ ಪರದೆಯ ಮೇಲೆ ಕಾಣುತ್ತವೆ, ಪಿಡಿಎಫ್‌ಗೆ ಮಾತ್ರ ಇಳಿಯುವುದಿಲ್ಲ. ಟಿಕ್ ಇರಲಿಲ್ಲ.

“ಮದುವೆ ಕಾಗದದ ಕರಡು ತೆಗೀವಾಗ ಹೂವಿನ ಅಂಚು ಟೋನರ್ ತಿಂತದೆ ಅಂತ ಟಿಕ್ ತೆಗ್ದಿದ್ದೆ ಮಾರಾಯ್ರೆ. ಮತ್ತೆ ಹಾಕುಕೆ ಮರ್ತೋಯ್ತು,” ಎಂದ ಅಂಗಡಿಯವ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅಟ್ಟ ಮೇಲೆ ಒಲೆ ಉರಿದು ಏನು ಬಂತು?

ಸರಿಯಾದ ಪ್ರತಿ ಹಿಡಿದು, ಆಕ್ಷೇಪಣೆ ಸ್ವೀಕರಿಸುವ ಕಚೇರಿಗೆ ಹೋದೆವು. ಅಧಿಕಾರಿ ಕೆಟ್ಟವರಲ್ಲ, ಕೂರಿಸಿ, ಎರಡೂ ಪ್ರತಿ ತಿರುವಿ ನೋಡಿದರು.

“ಗಡುವಿನೊಳಗೆ ಬಂದದ್ದೇ ದಾಖಲೆ. ಇದನ್ನು ಸೇರಿಸಲು ನನಗೆ ಅಧಿಕಾರವಿಲ್ಲಮ್ಮ.”

ಮಾದೇವಕ್ಕ ಆ ಬಿಳಿ ಪುಟವನ್ನೇ ನೋಡುತ್ತಿದ್ದಳು. “ಜಾಗ ಖಾಲಿ ಅಂತ ಅವ್ರು ಹೇಳೂದು. ನಾವೂ ಹಂಗೇ ಬರ್ದು ಕೊಟ್ಟಂಗೆ ಆತು, ಅಲ್ದಾ ತಮ್ಮಾ?”

ಅಂಗಡಿಗೆ ವಾಪಸು ಬಂದು ಮೇಲ್ಮನವಿ ಬರೆದುಕೊಟ್ಟೆ. ಅದೂ ತಿರಸ್ಕೃತವಾಯಿತು. ದಂಡೆಗೆ ಬೇಲಿ ಬಿತ್ತು.

ಅಂದಿನಿಂದ ನನ್ನ ಅಂಗಡಿಯಲ್ಲಿ ಒಂದು ಹಟ. ಕಳಿಸುವ ಮೊದಲು ಮಾನಿಟರನ್ನು ಗಿರಾಕಿಯ ಕಡೆ ತಿರುಗಿಸಿ, ವರ್ಡ್ ಅಲ್ಲ, ಪಿಡಿಎಫ್ಫನ್ನೇ ತೆರೆದು ಕೊನೆಯ ಪುಟದವರೆಗೂ ತೋರಿಸುತ್ತೇನೆ. ಓದಲು ಬಾರದವರಿಗೂ ತೋರಿಸುತ್ತೇನೆ. ಬಸ್ಸಿಗೆ ಹೊತ್ತಾಯಿತೆಂದು ಬೈಯುವವರಿದ್ದಾರೆ, ಬೈಯಲಿ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ, ಮಾದೇವಕ್ಕನಿಗೆ ಅದರಿಂದ ಏನೂ ಉಪಕಾರವಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆ. ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಧೂಳಿನಲ್ಲೇ ಹೆಂಗಸರು ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. ಆ ನಕಾಶೆ ನನಗೆ ಬಾಯಿಪಾಠವಾಗಿಬಿಟ್ಟಿದೆ. ನಡೆಯುತ್ತ ಒಂದೊಂದೇ ಚಾಪೆ ನೋಡಿದೆ. ಯಾರ ಪಕ್ಕ ಯಾರು ಎಂಬುದು ಅಲ್ಲಿಯೂ ತಪ್ಪಿರಲಿಲ್ಲ.