ಏಜೆಂಟ್ ಶಶಿರಾಜಣ್ಣನ ಗಂಟಲ ಗಂಟು

ಗುರುವಾಯನಕೆರೆ ಬಸ್‌ಸ್ಟ್ಯಾಂಡಿನಲ್ಲಿ ಶಶಿರಾಜಣ್ಣನಿಂದ ಬೈಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಸ್ವಂತ ಕಾರು ಇರುವವರೇ ಸೈ. ನಾನಂತೂ ಎರಡು ವರ್ಷ ದಿನಾ ಬೈಸಿಕೊಂಡಿದ್ದೇನೆ. ಪಿಯುಸಿ ಓದಲು ಪೆರಿಂಜೆಯಿಂದ ಅಲ್ಲಿಗೆ ಹೋಗುತ್ತಿದ್ದೆ. ಸಂಜೆ ಹಣ್ಣಿನಂಗಡಿಯ ಮೂಸಾಕನ ಎದುರು ಗೆಳತಿಯರ ಜೊತೆ ಹರಟುತ್ತ ನಿಂತರೆ ಆ ಕಡೆಯಿಂದ ಸ್ವರ ಬರುತ್ತಿತ್ತು. "ಓಯ್ ಪೆರಿಂಜೆ! ಮಾತು ನಾಳೆಯೂ ಉಂಟು. ಈ ಬಸ್ಸು ಹೋದ್ರೆ ಮತ್ತೆ ಮುಕ್ಕಾಲು ಗಂಟೆ ಇಲ್ಲ. ಹತ್ತು, ಹತ್ತು!" ನನಗೆ ಸಾತ್ವಿಕಾ ಎಂಬ ಒಳ್ಳೆಯ ಹೆಸರಿದೆ. ಅವರಿಗೆ ಅದು ಬೇಕಾಗಿರಲಿಲ್ಲ, ಯಾರು ಎಲ್ಲಿ ಇಳಿಯುತ್ತಾರೋ ಅದೇ ಅವರ ಹೆಸರು.

ಏಜೆಂಟ್ ಎಂದರೆ ನಮ್ಮ ಕಡೆ ಖಾಸಗಿ ಬಸ್ಸುಗಳನ್ನು ಸಮಯಕ್ಕೆ ಸರಿಯಾಗಿ ಹೊರಡಿಸುವವರು, ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವವರು. ಶಶಿರಾಜಣ್ಣ ಗರ್ಡಾಡಿಯ ಜೈನರ ಮನೆಯವರು. ಆರು ಜನ ಅಣ್ಣತಮ್ಮಂದಿರಲ್ಲಿ ಕೊನೆಯವರು. ಇವರ ಸರದಿ ಬರುವಾಗ ಪಾಲಿನಲ್ಲಿ ಉಳಿದದ್ದು ಒಂದು ಮನೆ ಕಟ್ಟುವಷ್ಟು ಜಾಗ. ಬೇಸರ ಮಾಡಿಕೊಳ್ಳದೆ ಕಂಡಕ್ಟರ್ ಕೆಲಸಕ್ಕೆ ಸೇರಿದರು. ಮೂರು ವರ್ಷ ಕಳೆದ ಮೇಲೆ ಒಂದು ದಿನ ಹಳೆಯ ಏಜೆಂಟ್ ಜ್ವರ ಬಂದು ಮಲಗಿದನಂತೆ. "ಇವತ್ತೊಂದು ದಿನ ನೀನು ಕೂಗು ಮಾರಾಯ" ಎಂದರಂತೆ ಬಸ್ಸಿನ ಯಜಮಾನರು. ಆ ಒಂದು ದಿನ ಶುರುವಾಗಿ ಈಗ ಮೂವತ್ತೊಂದು ವರ್ಷ ಆಯಿತು.

ಅದೆಂಥ ಸ್ವರ! ಮೈಕ್ ಬೇಡ, ಸೀಟಿ ಬೇಡ. ಹೆದ್ದಾರಿಯ ಲಾರಿಗಳ ಹಾರ್ನ್ ಮೀರಿ "ಗರ್ಡಾಡಿ, ಗೋಳಿಯಂಗಡಿ, ವೇಣೂರು, ಪೆರಿಂಜೆ, ಗಂಟಾಲ್ಕಟ್ಟೆ, ಮೂಡುಬಿದಿರೇ..." ಎಂದು ಎಳೆದರೆ ಹೋಟೆಲಿನ ಒಳಗೆ ಚಹಾ ಕುಡಿಯುವವರು ಲೋಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಗೋಳಿಯಂಗಡಿಯ ಪಾತುಮ್ಮನಿಗೆ ಕಣ್ಣು ಮಂಜು, ಬೋರ್ಡು ಕಾಣುವುದಿಲ್ಲ. ಎದುರೇ ಬಸ್ಸು ನಿಂತಿದ್ದರೂ ಶಶಿರಾಜಣ್ಣ ಕೂಗುವವರೆಗೆ ಆಕೆ ಕುಳಿತಲ್ಲಿಂದ ಅಲುಗಾಡುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಇವರು ಊಟ ಮಾಡುವವರಲ್ಲ. ಹಾಗಾಗಿ ಸಂಜೆ ಐದೂವರೆಗೆ ಬುತ್ತಿ ಬಿಚ್ಚಲೇಬೇಕು. ಆ ಹತ್ತು ನಿಮಿಷ ಮೂಸಾಕ ಕೂಗುತ್ತಿದ್ದರು. ಜನ ಹತ್ತುತ್ತಿರಲಿಲ್ಲ. ಬಾಯಲ್ಲಿ ಅನ್ನ ಇಟ್ಟುಕೊಂಡೇ ಶಶಿರಾಜಣ್ಣ ಬೈಯುತ್ತಿದ್ದರು, "ಮೂಸಾ, ಅದು ಬಸ್ಸು, ಬಾಳೆಹಣ್ಣಲ್ಲ!"

ಇಂಥವರ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಮೊದಲು ಅಂಗಿಯ ಮೇಲಿನ ಗುಂಡಿ ಹಾಕಲು ಆಗಲಿಲ್ಲ, ಆಮೇಲೆ ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡರು. ಥೈರಾಯ್ಡ್ ಗ್ರಂಥಿಯ ಗಂಟು. ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಲ್ಲ ಎಂದಾಯಿತು. ಅವರು ತೋರಿಸಿಕೊಂಡ ಸರ್ಜನ್, ದೊಡ್ಡದಾಗುತ್ತಿದೆ, ಆಪರೇಷನ್ ಮಾಡಿ ಅರ್ಧ ಗ್ರಂಥಿ ತೆಗೆಯುವುದು ಒಳ್ಳೆಯದು ಎಂದರು. ಜೊತೆಗೆ ಸತ್ಯವನ್ನೂ ಹೇಳಿದರು: ಸ್ವರದ ನರ ಅಲ್ಲೇ ಪಕ್ಕದಲ್ಲಿದೆ, ನೂರರಲ್ಲಿ ಒಬ್ಬಿಬ್ಬರಿಗೆ ಸ್ವರ ಕೆಡುವುದುಂಟು. ನೂರರಲ್ಲಿ ಆ ಒಬ್ಬ ತಾನೇ ಎಂದು ಮನೆ ಮುಟ್ಟುವಷ್ಟರಲ್ಲಿ ಶಶಿರಾಜಣ್ಣ ತೀರ್ಮಾನ ಮಾಡಿಯಾಗಿತ್ತು. ಮೂರು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ನಾನು ಈಗ ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ವಿಭಾಗದ ನರ್ಸ್. ಕಳೆದ ವರ್ಷ ಶಶಿರಾಜಣ್ಣನ ಹೆಂಡತಿ ಕಮಲಕ್ಕ ಮೊಣಕಾಲಿನ ಎಕ್ಸ್‌ರೇ ತೆಗೆಸಲು ಬಂದವರು, ಹಿಂದೆ ಬಸ್‌ಸ್ಟ್ಯಾಂಡಿಗೆ ಬುತ್ತಿ ತರುವಾಗ ಕಂಡಿದ್ದ ನನ್ನ ಗುರುತು ಹಿಡಿದು ಅಲ್ಲೇ ಕಣ್ಣೀರು ಹಾಕಿದರು. "ಅನ್ನ ಗಂಟಲಲ್ಲಿ ಸಿಕ್ಕಿಕೊಳ್ತದೆ. ಮಲಗಿದ್ರೆ ಉಸಿರು ಕಟ್ಟಿದ ಹಾಗೆ ಆಗ್ತದೆ. ಹೇಳಿದ್ರೆ ಕೇಳುವ ಜನ ಅಲ್ಲ. ಸ್ವರ ಹೋದ್ರೆ ಕೈ ಬೀಸಿ ಬಸ್ಸು ಬಿಡುವುದಾ ಅಂತ ನನಗೇ ಜೋರು ಮಾಡ್ತಾರೆ."

ನನಗೆ ಸಿಟ್ಟು ಬೇಗ ಬರುತ್ತದೆ. "ನಾಡಿದ್ದು ಶನಿವಾರ ಕರ್ಕೊಂಡು ಬನ್ನಿ. ಬರದಿದ್ರೆ ನಾನೇ ಬಸ್‌ಸ್ಟ್ಯಾಂಡಿಗೆ ಬಂದು ಎಲ್ಲರ ಎದುರು ಮರ್ಯಾದೆ ತೆಗಿತೇನೆ ಅಂತ ಹೇಳಿ" ಎಂದೆ.

ಶನಿವಾರ ಎಂದದ್ದಕ್ಕೆ ಕಾರಣವಿತ್ತು. ಸ್ಕ್ಯಾನಿಂಗ್ ಎಂದರೆ ಹಿಂದೆಲ್ಲ ಒಳಗೆ ಏನಿದೆ ಎಂದು ನೋಡಿ ಬರೆದುಕೊಡುವುದಷ್ಟೇ. ಈಗ ಪರದೆಯಲ್ಲಿ ನೋಡುತ್ತ ನೋಡುತ್ತಲೇ ಸೂಜಿ ತೂರಿಸಿ ಕೆಲಸ ಮುಗಿಸಿಬಿಡುತ್ತಾರೆ. ಕಾಲಿನಲ್ಲಿ ಉಬ್ಬಿದ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುತ್ತಾರೆ, ಯಕೃತ್ತಿನ ಕೀವು ಸಣ್ಣ ನಳಿಗೆಯಲ್ಲಿ ಹೊರಗೆ ತೆಗೆಯುತ್ತಾರೆ. ಕುತ್ತಿಗೆಯ ಇಂಥ ಗಂಟನ್ನು ಕೊಯ್ಯದೆ, ಸೂಜಿಯ ತುದಿಯ ಶಾಖದಿಂದ ಒಳಗೊಳಗೇ ಸುಡುತ್ತಾರೆ. ಆಮೇಲೆ ಅದು ತಿಂಗಳುಗಟ್ಟಲೆ ತಾನಾಗಿ ಕುಗ್ಗುತ್ತ ಬರುತ್ತದೆ. ಈ ವಿದ್ಯೆ ಕಲಿತ ಡಾಕ್ಟರ್ ರಾಮಪ್ರಸಾದ್ ಎರಡು ವಾರಕ್ಕೊಮ್ಮೆ ಶನಿವಾರ ಮಂಗಳೂರಿನಿಂದ ನಮ್ಮಲ್ಲಿಗೆ ಬರುತ್ತಾರೆ. ಊರು ವಿಟ್ಲ. ಮಾತು ಕಡಿಮೆ.

ಶಶಿರಾಜಣ್ಣ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ತುಳುವಿನಲ್ಲಿ ಲೋಕವನ್ನೇ ಬೈಯುವ ಮನುಷ್ಯ, ಡಾಕ್ಟರ ಎದುರು ಕುರ್ಚಿಯ ತುದಿಯಲ್ಲಿ ಕುಳಿತು ಶಾಲೆಯ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು. "ವೈದ್ಯರೇ, ಸ್ವರ ಉಳಿಯುತ್ತದಾ?"

"ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಡಿಮೆ ಉಂಟು" ಎಂದರು ಡಾಕ್ಟರು. "ಒಂದು ಅನುಕೂಲ ಏನಂದ್ರೆ ನೀವು ಎಚ್ಚರದಲ್ಲೇ ಇರ್ತೀರಿ. ಮರಗಟ್ಟುವ ಮದ್ದು ಕುತ್ತಿಗೆಗೆ ಮಾತ್ರ. ಸ್ವಲ್ಪ ಸುಡುವುದು, ನಿಲ್ಲಿಸುವುದು, ನಿಮ್ಮನ್ನು ಮಾತಾಡಿಸುವುದು. ಸ್ವರ ಬದಲಾಯಿತು ಅಂತ ಕಂಡ್ರೆ ಅಲ್ಲಿಗೇ ನಿಲ್ಲಿಸ್ತೇನೆ."

"ಮಾತಾಡುವುದಾ?" ಕಮಲಕ್ಕ ಹಣೆ ಚಚ್ಚಿಕೊಂಡರು. "ಅದೊಂದು ಇವರಿಗೆ ಕಲಿಸಬೇಕಾಗಿಲ್ಲ ಡಾಕ್ಟ್ರೇ."

ಸೂಜಿ ಪರೀಕ್ಷೆ ಇನ್ನೊಮ್ಮೆ ಮಾಡಿದೆವು, ಅದೂ ಚೆನ್ನಾಗಿಯೇ ಬಂತು. ಎರಡು ವಾರ ಬಿಟ್ಟು ದಿನ ಗೊತ್ತಾಯಿತು.

ಆ ದಿನ ಮೇಜಿನ ಮೇಲೆ ಅಂಗಾತ ಮಲಗಿಸಿ, ಸೂಜಿಯ ಕರೆಂಟು ಮರಳಿ ಹೋಗಲು ತೊಡೆಗೆ ಒಂದು ಪಟ್ಟಿ ಅಂಟಿಸಿ, ಕುತ್ತಿಗೆಗೆ ಮದ್ದು ಕೊಟ್ಟದ್ದಾಯಿತು. ಪರದೆಯಲ್ಲಿ ಗಂಟು ನಿಂಬೆಹಣ್ಣಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಸೂಜಿ ಒಳಗೆ ಹೋಯಿತು. ಡಾಕ್ಟರು ಕಾಲಿನ ಪೆಡಲ್ ಒತ್ತಿದರು, ಬಿಟ್ಟರು. "ಹಾಂ, ಮಾತಾಡಿ" ಎಂದರು.

ಮೂವತ್ತೊಂದು ವರ್ಷ ಬಾಯಿ ಮುಚ್ಚದ ಮನುಷ್ಯನಿಗೆ ಅಂಗಾತ ಮಲಗಿದಾಗ ಒಂದು ಮಾತೂ ಹೊಳೆಯಲಿಲ್ಲ. "ಎಂತ ಮಾತಾಡುವುದು?" ಎಂದು ಗೊಣಗಿದರು. ಒಂದು ಎರಡು ಎಣಿಸಿ ಎಂದರೆ ಲೆಕ್ಕದ ಮಾಸ್ಟರ ಎದುರು ನಿಂತವರ ಹಾಗೆ ಎಣಿಸಿದರು. ಅದರಲ್ಲಿ ಸ್ವರ ಸರಿಯಿದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ನನಗೆ ತಡೆಯಲಿಲ್ಲ. "ಶಶಿರಾಜಣ್ಣ, ಮೂಡುಬಿದಿರೆ ಬಸ್ಸು ಹೊರಡ್ಲಿಕ್ಕೆ ಆಯ್ತು. ಜನ ಹತ್ತಿಸಿ. ಮೆಲ್ಲ, ಮೆಲ್ಲ!" ಎಂದೆ.

ಅವರ ಕಣ್ಣಲ್ಲಿ ಸ್ವಲ್ಪ ಬೆಳಕು ಬಂತು. "ಗರ್ಡಾಡಿ, ಗೋಳಿಯಂಗಡಿ, ವೇಣೂರು, ಪೆರಿಂಜೆ, ಗಂಟಾಲ್ಕಟ್ಟೆ, ಮೂಡುಬಿದಿರೇ... ರೈಟ್ ಪೋಯಿ!" ಮೆಲ್ಲಗೆಂದರೂ ಸ್ವರ ಖಣಖಣ. ಡಾಕ್ಟರು ಮತ್ತೆ ಪೆಡಲ್ ಒತ್ತಿದರು. ಪರದೆಯಲ್ಲಿ ಗಂಟಿನ ಒಳಗೆ ಬೆಳ್ಳಗೆ ಗುಳ್ಳೆ ಏಳುತ್ತ ಹೋಯಿತು. ಸುಡುವುದು, ನಿಲ್ಲಿಸುವುದು, ಬಸ್ಸು. ಹೀಗೆ ಏಳೆಂಟು ಬಸ್ಸು ಹೊರಟವು. ನಾನು ಒಂದೊಂದೇ ಊರನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಎಲ್ಲ ಸುಸೂತ್ರ ಎಂದುಕೊಳ್ಳುವಾಗ ಒಂಬತ್ತನೆಯ ಬಸ್ಸು ಗೋಳಿಯಂಗಡಿ ದಾಟಲಿಲ್ಲ. "ವೇ..." ಎಂದರು. ಗಾಳಿ ಮಾತ್ರ ಬಂತು. ಇನ್ನೊಮ್ಮೆ ಬಾಯಿ ತೆರೆದರು. ಹರಿದ ಬಟ್ಟೆ ಎಳೆದ ಹಾಗೆ ಒಂದು ಸದ್ದು, ಅಷ್ಟೇ.

"ಸೂಜಿ ತೆಗೀತೇನೆ. ತಣ್ಣನೆ ಗ್ಲೂಕೋಸ್ ಕೊಡಿ" ಎಂದರು ಡಾಕ್ಟರು. ಸ್ವರ ಏರಿಸಲಿಲ್ಲ. ಇಂಥದ್ದಕ್ಕೇ ಎಂದು ಮೊದಲೇ ಮಂಜುಗಡ್ಡೆಯ ತಟ್ಟೆಯಲ್ಲಿ ಇಟ್ಟಿದ್ದೆವು. ಬೇರೆ ಸೂಜಿಯಲ್ಲಿ ಅದನ್ನು ಗಂಟಿಗೂ ನರಕ್ಕೂ ನಡುವೆ ತುಂಬಿದರು. ಬಿಸಿ ತಾಗಿದ ನರವನ್ನು ತಣ್ಣಗೆ ಮಾಡುವ ಉಪಾಯ ಇದು. ಮತ್ತೆ ಕಾಯಬೇಕು, ಬೇರೇನೂ ಇಲ್ಲ.

ಆ ಐದು ನಿಮಿಷ ನನಗೆ ಬೇಡವೇ ಬೇಡ. ಶಶಿರಾಜಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡು ಕಣ್ಣಿನಿಂದಲೂ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಇವರನ್ನು ಬೆದರಿಸಿ ಕರೆಸಿದವಳು ನಾನು. ತಮ್ಮ ಪಾಡಿಗೆ ಕರವಸ್ತ್ರ ಸುತ್ತಿಕೊಂಡು ಇದ್ದವರು. ನಾನು ಯಾಕೆ ಮೂಗು ತೂರಿಸಿದೆನೋ ದೇವರೇ ಎಂದು ನನ್ನನ್ನೇ ಬೈದುಕೊಂಡೆ. ಅವರ ಕೈ ಹಿಡಿದುಕೊಂಡೆ, ಬೆವರಿ ಒದ್ದೆಯಾಗಿತ್ತು. ಯಾರ ಕೈಯ ಬೆವರೋ ಗೊತ್ತಿಲ್ಲ.

"ಈಗ ಒಮ್ಮೆ ನೋಡುವ" ಎಂದರು ಡಾಕ್ಟರು.

"ಗರ್ಡಾಡಿ" ಬಂತು, ಒಡಕು ಒಡಕಾಗಿ. "ಗೋಳಿಯಂಗಡಿ" ಸ್ವಲ್ಪ ಗಟ್ಟಿ. "ವೇಣೂರು" ಎಂದರು, ಪೂರ್ತಿ ಹಳೆಯ ಸ್ವರ! "ಮೂಡುಬಿದಿರೇ!"

"ಪೆರಿಂಜೆ!" ಎಂದು ಕಿರುಚಿಬಿಟ್ಟೆ ನಾನು. "ಸರ್, ಪೆರಿಂಜೆ ಬಿಟ್ರು!"

ವಿಟ್ಲದವರಿಗೆ ನಮ್ಮ ಕಡೆಯ ಸ್ಟಾಪು ಏನು ಗೊತ್ತು? ಆದರೆ ನನ್ನ ಕಿರುಚಾಟಕ್ಕೆ ಡಾಕ್ಟರ ಮುಖದ ಬಣ್ಣವೇ ಇಳಿಯಿತು, ಪಾರ್ಶ್ವವಾಯು ಏನಾದರೂ ಬಡಿಯಿತಾ ಎಂದು ಹೆದರಿದರು. "ಎಂತ ಬಿಟ್ರು? ಮಾತು ತಪ್ಪುತ್ತಾ ಉಂಟಾ? ನನ್ನನ್ನು ನೋಡಿ. ಎರಡೂ ಕೈ ಎತ್ತಿ. ನಿಮ್ಮ ಹೆಸರೆಂತ?"

ಶಶಿರಾಜಣ್ಣ ಎರಡೂ ಕೈ ಎತ್ತಿದರು. ಎತ್ತಿಕೊಂಡೇ ನನ್ನ ಕಡೆ ಕಣ್ಣು ಕೆಂಪು ಮಾಡಿದರು. "ಇದು ಎಕ್ಸ್‌ಪ್ರೆಸ್. ತಡ ಆಯ್ತಲ್ಲ, ಅದಕ್ಕೆ. ಪೆರಿಂಜೆಗೆ ಸ್ಟಾಪ್ ಇಲ್ಲ."

ನಗು ಎಂದರೆ ಎಂಥ ನಗು! ನಾನು ಯಂತ್ರ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಮಾತು ಕಡಿಮೆಯ ಡಾಕ್ಟರು ಗೋಡೆಯ ಕಡೆ ತಿರುಗಿ ಭುಜ ಕುಣಿಸಿದರು. ಹೋದ ಜೀವ ಬಂದ ಹಾಗಾಯಿತು ನನಗೆ. ಆಮೇಲೆ ನರದಿಂದ ದೂರವಿದ್ದ ಉಳಿದ ಭಾಗ ಮಾತ್ರ ಸುಟ್ಟರು. ನರದ ಪಕ್ಕದ ಒಂದು ತೆಳು ಅಂಚನ್ನು ಮುಟ್ಟಲಿಲ್ಲ. "ಅದು ಅಲ್ಲೇ ಇರ್ಲಿ. ಜಾಸ್ತಿ ಆಸೆ ಮಾಡುವುದು ಬೇಡ. ಬೇಕಾದ್ರೆ ಆರು ತಿಂಗಳು ಬಿಟ್ಟು ನೋಡುವ" ಎಂದರು. ಕುತ್ತಿಗೆಯ ಮೇಲೆ ಉಳಿದದ್ದು ಸೂಜಿ ಚುಚ್ಚಿದ ಗುರುತು ಮತ್ತು ಒಂದು ಸಣ್ಣ ಪ್ಲಾಸ್ಟರ್.

ಎರಡು ಗಂಟೆ ಮಲಗಿಸಿ, ನೀರು ಕುಡಿಸಿ, ಮನೆಗೆ ಹೋಗಬಹುದು ಎಂದೆವು. ನಾನೇ ಹೊರಗೆ ಕರೆದುಕೊಂಡು ಬಂದೆ. ಕಮಲಕ್ಕ ಬೆಳಗ್ಗಿನಿಂದ ಬೆಂಚಿನಲ್ಲಿ ಕುಳಿತವರು ಎದ್ದು ನಿಂತರು. ಶಶಿರಾಜಣ್ಣ ಅವರ ಹತ್ತಿರ ಬಗ್ಗಿ ಏನೋ ಹೇಳಿದರು. ತುಟಿ ಅಲುಗಿತು, ಸ್ವರ ಬರಲಿಲ್ಲ.

ಕಮಲಕ್ಕ ನನ್ನ ತೋಳು ಹಿಡಿದ ರಭಸಕ್ಕೆ ಉಗುರು ನಾಟಿತು. "ಸ್ವರ ಎಲ್ಲಿ? ಸಾತ್ವಿಕಾ, ಇವರ ಸ್ವರ ಎಲ್ಲಿ?"

ಇಷ್ಟು ಹೊತ್ತಿನ ಮೇಲೆ ನರ ಕೈಕೊಟ್ಟಿತಾ? "ಶಶಿರಾಜಣ್ಣ, ಮಾತಾಡಿ! ಎಂತ ಆಯ್ತು?"

ಅವರು ಗೋಡೆಯ ಕಡೆ ಬೆರಳು ತೋರಿಸಿದರು. ಮತ್ತೆ ಪಿಸುಗುಟ್ಟಿದರು, "ಅಲ್ಲಿ ಬರೆದಿದ್ದಾರಲ್ಲ." ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ 'ದಯವಿಟ್ಟು ಮೌನವಾಗಿರಿ' ಎಂದಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಇಡೀ ಪೇಟೆಯ ಕಿವಿ ಒಡೆದವರಿಗೆ ಇವತ್ತು ಬೋರ್ಡು ಕಂಡಿತಾ? ಇಲ್ಲಿ ಇವರ ಜೀವ ಹೋಗ್ತಾ ಉಂಟು! ಕೂಗಿ ಮಾರಾಯ್ರೆ! ಯಾರಾದ್ರೂ ಬೈದ್ರೆ ನಾನು ನೋಡಿಕೊಳ್ತೇನೆ."

ಅವರು ಆ ಕಡೆ ಈ ಕಡೆ ನೋಡಿದರು. ಹೆಂಡತಿಯ ಮುಖ ನೋಡಿದರು. ನೆಟ್ಟಗೆ ನಿಂತುಕೊಂಡರು. ಗರ್ಡಾಡಿ ಬರುತ್ತದೆ ಎಂದು ನಾನು ಕಾದೆ.

"ಕಮಲಾವತೀ...!"

ಟೋಕನ್ ಕೊಡುವ ಹುಡುಗಿ ಎದ್ದು ನಿಂತಳು. ಎಕ್ಸ್‌ರೇ ಕೋಣೆಯಿಂದ ಒಬ್ಬರು ಅರ್ಧ ಅಂಗಿ ಹಾಕಿಕೊಂಡು ಇಣುಕಿದರು. ಕಮಲಕ್ಕ ಮಾತ್ರ ಇದ್ದಲ್ಲೇ ಇದ್ದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಹೇಳಿದರು, "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. 'ಓ ಇವಳೇ' ಬಿಟ್ರೆ ಒಂದು ದಿನ ಹೆಸರು ಕರೆದ ಜನ ಅಲ್ಲ."

ಆಮೇಲೆ ಗಂಡನ ಕಡೆ ತಿರುಗಿದರು.

"ಕೇಳಲಿಲ್ಲ ಮಾರಾಯ್ರೆ. ಇನ್ನೊಮ್ಮೆ ಕರೀರಿ ನೋಡುವ."