ಪಂಚಮಿಗೆ ಅಡ್ಡ ಬಂದ ಲ್ಯಾಪ್‌ಟಾಪ್

ಎರಡು ವರ್ಷದ ಹಿಂದಿನ ಮಾತು. ಗೋಕಾಕದಲ್ಲಿ ನಾನು ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟು ಆಗ ಹದಿನೆಂಟನೆಯ ವರ್ಷ ನಡೆದಿತ್ತು. ಒಂದೇ ಕೋಣೆಯ ಮಳಿಗೆ. ಒಳಗೆ ನಾನು, ನನ್ನ ಮೇಜು, ಗೋಡೆಯ ತುಂಬ ಕೆಟ್ಟು ಕೂತ ಮದರ್‌ಬೋರ್ಡ್‌ಗಳು. ಹೆಣ್ಣುಮಗಳೊಬ್ಬಳು ಲ್ಯಾಪ್‌ಟಾಪ್ ಬಿಚ್ಚುತ್ತಾಳೆಂದು ಮೊದಮೊದಲು ಜನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. "ಗಣಮಕ್ಕಳು ಯಾರೂ ಇಲ್ಲೇನ್ರಿ?" ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಎಂದೋ ಬಿಟ್ಟಿದ್ದೆ. ಈ ಕಸುಬಿನಲ್ಲಿ ತರಹೇವಾರಿ ಗಿರಾಕಿಗಳನ್ನು ಕಂಡಿದ್ದೇನೆ, ಆದರೆ ಅವರಲ್ಲೆಲ್ಲ ಕೆಟ್ಟವನು ಯಾರೆಂದು ಕೇಳಿದರೆ ನನ್ನ ತಂಗಿಯ ಗಂಡನ ಹೆಸರನ್ನೇ ಹೇಳುತ್ತೇನೆ. ಬೀಗರ ಮನೆಯ ಮಾತು ಬೀದಿಗೆ ತರಬಾರದು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ತಂಗಿ ಸವಿತಾಳನ್ನು ಕುಲಗೋಡಕ್ಕೆ ಕೊಟ್ಟಿದ್ದೇವೆ. ಗಂಡ ಶಿವಾನಂದ ಮೂಡಲಗಿಯಲ್ಲಿ ತೆರಿಗೆ ಸಲಹೆಗಾರ. ಗೊಬ್ಬರದ ಅಂಗಡಿ, ಸಿಮೆಂಟ್ ಅಂಗಡಿಯವರ ಜಿಎಸ್‌ಟಿ ಲೆಕ್ಕ ತುಂಬಿ ಕೊಡುವುದು ಅವನ ಉದ್ಯೋಗ. ಓದಿದವನು, ಮಾತುಗಾರ. ಎದುರಿಗೆ ಕೂತವರಿಗೆ ಏನೂ ತಿಳಿಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡು ಮಾತಿಗೆ ಶುರುಮಾಡುವ ಜಾತಿ.

ಆ ವರ್ಷ ಆಷಾಢದಲ್ಲಿ ಅವನು ಆನ್‌ಲೈನ್ ಸೇಲಿನಲ್ಲಿ ಒಂದು ಬಿಸಿನೆಸ್ ಲ್ಯಾಪ್‌ಟಾಪ್ ತರಿಸಿದ. ದೊಡ್ಡ ಕಂಪನಿಗಳು ತಮ್ಮ ನೌಕರರಿಗೆಂದು ಸಗಟಾಗಿ ತೆಗೆದುಕೊಳ್ಳುವ ಯಂತ್ರಗಳಿವು. ಮೂರ್ನಾಲ್ಕು ವರ್ಷ ಬಳಸಿ ಕಂಪನಿಯವರು ಬಿಟ್ಟುಕೊಟ್ಟ ಮೇಲೆ ಒರೆಸಿ ತಿಕ್ಕಿ ಅಗ್ಗದ ಬೆಲೆಗೆ ಮಾರುತ್ತಾರೆ. ನೋಡಲು ಚೆಂದವಿರುವುದಿಲ್ಲ, ತೂಕವೂ ಜಾಸ್ತಿ. ಆದರೆ ಕೀಲು ಗಟ್ಟಿ, ಕೀಬೋರ್ಡ್ ಗಟ್ಟಿ, ಮುಖ್ಯವಾಗಿ ತಳದ ಮುಚ್ಚಳ ಬಿಚ್ಚಿದರೆ ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಕೈಗೆ ಸಿಗುತ್ತವೆ. ರ‍್ಯಾಮ್ ಎಂದರೆ ಯಂತ್ರ ಕೆಲಸ ಮಾಡುವಾಗ ಬಳಸುವ ನೆನಪು, ಎಸ್‌ಎಸ್‌ಡಿ ಎಂದರೆ ಕಡತಗಳನ್ನು ಇಡುವ ಜಾಗ. ಇವೆರಡನ್ನು ಹೆಚ್ಚಿಸಿದರೆ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್ ಹೊಸ ಸಾದಾ ಲ್ಯಾಪ್‌ಟಾಪಿಗಿಂತ ಚುರುಕಾಗಿ ಓಡುತ್ತದೆ. ಶಿವಾನಂದ ಕೊಂಡದ್ದು ಒಳ್ಳೆಯ ಯಂತ್ರವೇ. ಅಷ್ಟರ ಮಟ್ಟಿಗೆ ಅವನನ್ನು ಹೊಗಳಬಹುದು, ಅದಕ್ಕಿಂತ ಹೆಚ್ಚು ನನ್ನಿಂದಾಗದು.

ಒಂದು ಮಧ್ಯಾಹ್ನ ಅದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ.

"ಅಕ್ಕಾರ, ಇದಕ್ಕ ಯಾವ ರ‍್ಯಾಮ್ ಕೂಡತೈತಿ ನೋಡಿ ಕೊಡ್ರಿ. ಹಾಕೂದು ನಾನ ಹಾಕ್ಕೋತೇನಿ."

"ಬಿಟ್ಟು ಹೋಗ್ರಿ, ಸಂಜೀಕ ಹಾಕಿ ಕೊಡ್ತೇನಿ. ನಿಮ್ಮ ಕಡೆ ಕೂಲಿ ತಗೊಳ್ಳೂದಿಲ್ಲ" ಎಂದೆ.

"ಕೂಲೀ ಮಾತಲ್ರಿ. ವಿಡಿಯೋದಾಗ ಸಾಲಿ ಹುಡುಗೂರು ಹಾಕ್ತಾವ. ಇದೇನ ದೊಡ್ಡ ಆಪರೇಶನ್ ಏನ್ರಿ?"

ತಾವೇ ಬಿಚ್ಚಿ ತಾವೇ ಜೋಡಿಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಈ ಯಂತ್ರಗಳನ್ನು ಮಾಡಿರುವುದೇ ಹಾಗೆ. ಎರಡು ರ‍್ಯಾಮ್ ಪಟ್ಟಿಗಳನ್ನು ತೆಗೆದುಕೊಟ್ಟು ಎರಡೇ ಮಾತು ಹೇಳಿದೆ. ಮೊದಲು ಒಳಗಿನ ಬ್ಯಾಟರಿಯ ವೈರ್ ಕೀಳಬೇಕು. ಪಟ್ಟಿಯ ಅಂಚಿನಲ್ಲಿರುವ ಬಂಗಾರ ಬಣ್ಣದ ಹಲ್ಲುಗಳಿಗೆ ಏನನ್ನೂ ತಾಗಿಸಬಾರದು, ಅವು ಸ್ಲಾಟಿನೊಳಗಿನ ಪಿನ್ನುಗಳಿಗೆ ಸರಿಯಾಗಿ ಮುಟ್ಟಿದರೆ ಮಾತ್ರ ಯಂತ್ರ ಎದ್ದೇಳುತ್ತದೆ. ನಾನು ಹೇಳುವಷ್ಟು ಹೊತ್ತೂ ಅವನು ಫೋನ್ ನೋಡುತ್ತಿದ್ದ.

ಒಂದೆರಡು ದಿನಗಳಲ್ಲಿ ಫೋನ್ ಬಂತು. ಪರದೆ ಕಪ್ಪಾಗಿಯೇ ಇದೆ, ಕೇಸರಿ ದೀಪವೊಂದು ಮಿಣುಕುತ್ತಿದೆ ಎಂದ. ಬಿಸಿನೆಸ್ ಲ್ಯಾಪ್‌ಟಾಪುಗಳು ತಮಗೇನಾಗಿದೆ ಎಂಬುದನ್ನು ದೀಪ ಮಿಣುಕಿಸಿ ತಿಳಿಸುತ್ತವೆ. ಅವನು ಹೇಳಿದ ಮಿಣುಕಿನ ಅರ್ಥ, ರ‍್ಯಾಮ್ ಸಿಗುತ್ತಿಲ್ಲ ಎಂದು.

"ನಿಮ್ಮ ಮಾಲು ಡುಪ್ಲಿಕೇಟ್ ಐತ್ರಿ" ಎಂದ, ನೇರವಾಗಿ.

"ಹಳೇ ರ‍್ಯಾಮ್ ಹಾಕಿ ನೋಡೀರಿಲ್ಲೋ?"

"ನೋಡೇನಿ. ಅದೂ ನಡೀವಲ್ದು. ನಿಮ್ಮ ರ‍್ಯಾಮ್ ನನ್ನ ಸ್ಲಾಟ್ ಸುಟ್ಟೈತಿ."

ಹೊಸ ಪಟ್ಟಿ ಕೆಟ್ಟಿದ್ದರೆ ಹಳೆಯದನ್ನು ಹಾಕಿದಾಗ ಯಂತ್ರ ಏಳಬೇಕಿತ್ತು. ಎರಡೂ ನಡೆಯುತ್ತಿಲ್ಲ ಎಂದರೆ ದೋಷ ಬೇರೆ ಕಡೆ ಇದೆ. ಯಂತ್ರ ತೆಗೆದುಕೊಂಡು ಬನ್ನಿ ಎಂದೆ. "ಮತ್ತ ನಿಮ್ಮ ಕೈಯಾಗ ಕೊಟ್ಟು ಪೂರಾ ಕೆಡಸ್ಕೊಳ್ಳೇನ್ರಿ?" ಎಂದು ಫೋನ್ ಇಟ್ಟ. ಅಂದು ಸಂಜೆಯೇ ಮೂಡಲಗಿಯ ವ್ಯಾಪಾರಸ್ಥರ ವಾಟ್ಸಾಪ್ ಗುಂಪಿನಲ್ಲಿ ನನ್ನ ಅಂಗಡಿಯ ಹೆಸರು ಹಾಕಿ, ಅಲ್ಲಿ ನಕಲಿ ಮಾಲು ಮಾರುತ್ತಾರೆ, ಹೆಂಗಸರ ಕೈಗೆ ಯಂತ್ರ ಕೊಡಬೇಡಿ ಎಂದು ಬರೆದ. ನನ್ನ ಗಿರಾಕಿಗಳೇ ಅದನ್ನು ನನಗೆ ಕಳಿಸಿದರು. ಓದಿ ನನ್ನ ಮೈ ಉರಿದು ಹೋಯಿತು.

ಅಂಗಡಿಯ ಜಗಳ ಅಂಗಡಿಯಲ್ಲೇ ಮುಗಿದಿದ್ದರೆ ನಾನೂ ನನ್ನ ರೀತಿಯಲ್ಲಿ ಉತ್ತರ ಕೊಡುತ್ತಿದ್ದೆ. ಆದರೆ ಶ್ರಾವಣ ಹತ್ತಿರ ಬಂದಿತ್ತು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ಕೊಟ್ಟ ಮನೆಯಲ್ಲಿ ವರ್ಷವೆಲ್ಲ ದುಡಿದವಳಿಗೆ ಅದೊಂದು ಹಬ್ಬವಾದರೂ ತನ್ನದು. ಸವಿತಾಳನ್ನು ಕರೆಯಲು ನಮ್ಮ ತವರೂರು ದಡ್ಡಿಯಿಂದ ತಮ್ಮ ಕುಲಗೋಡಕ್ಕೆ ಹೋದರೆ, ಶಿವಾನಂದ ಅವನನ್ನು ಕಟ್ಟೆಯ ಮೇಲೆಯೇ ಕೂರಿಸಿ ವಾಪಸು ಕಳಿಸಿದ. "ನಿಮ್ಮಕ್ಕ ತನ್ನ ಮೋಸಾ ಒಪ್ಪಿಕೊಳ್ಳೂತನಕ ಈಕಿ ತವರಿನ ಹೆಸರ ತಗಿಯೂ ಹಂಗಿಲ್ಲ" ಎಂದನಂತೆ. ಅತ್ತೆ ನೀಲವ್ವ ಸೊಸೆಯ ಜೊತೆ ಮಾತು ಬಿಟ್ಟಿದ್ದಾಳೆ ಎಂಬ ಸುದ್ದಿಯನ್ನೂ ತಮ್ಮ ತಂದ.

ಮರುದಿನ ಅವ್ವ ದಡ್ಡಿಯಿಂದ ಹುಕ್ಕೇರಿಗೆ ಬಂದು, ಅಲ್ಲಿಂದ ಗೋಕಾಕದ ಬಸ್ ಹಿಡಿದು ನೇರ ನನ್ನ ಅಂಗಡಿಗೇ ಬಂದಳು.

"ನಿಂದ ತಪ್ಪಂತ ಒಂದ ಮಾತ ಅಂದಬಿಡ. ಬ್ಯಾರೇದ ಕೊಟ್ಟ ಬಾ" ಎಂದಳು.

"ಮಾಡಲಾರದ ತಪ್ಪ ನಾ ಯಾಕ ಒಪ್ಪಲಿ? ನಾಳೆ ನನ್ನ ಅಂಗಡಿಗಿ ಯಾರ ಬರ್ತಾರ?"

"ನಿನ್ನ ಅಂಗಡಿ ಹೆಂಗರ ನಡೀತೈತವಾ. ಆಕಿ ಅಲ್ಲೇ ಬಾಳೇವು ಮಾಡಬೇಕ."

ಅವ್ವ ಅಳಲಿಲ್ಲ. ಅತ್ತಿದ್ದರೆ ನಾನು ಒಪ್ಪುತ್ತಿರಲಿಲ್ಲ. ಸೆರಗಿನಿಂದ ನನ್ನ ಮೇಜಿನ ಧೂಳು ಒರೆಸತೊಡಗಿದಳು. ಸವಿತಾಳ ಪಂಚಮಿಗೋಸ್ಕರ ನಾನು ಹ್ಞೂಂ ಎಂದೆ. ಹೊಸ ರ‍್ಯಾಮ್ ಪಟ್ಟಿಗಳ ಒಂದು ಜೋಡಿಯನ್ನು ಸೀಲ್ ಒಡೆಯದೆ ಚೀಲಕ್ಕೆ ಹಾಕಿಕೊಂಡು, ಸಲಕರಣೆಗಳ ಡಬ್ಬಿ ತೆಗೆದುಕೊಂಡು ಕುಲಗೋಡದ ಬಸ್ ಹತ್ತಿದೆ.

ದಾರಿಯುದ್ದಕ್ಕೂ ಆ ಸುಳ್ಳನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ. ಅವರ ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಶಿವಾನಂದ ಕುರ್ಚಿಯ ಮೇಲೆ ಕೂತಿದ್ದ, ನೀಲವ್ವ ಗೋಡೆಗೆ ಒರಗಿ ಚಾಪೆಯ ಮೇಲೆ. ಸವಿತಾ ನೀರು ತಂದುಕೊಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಚಹಾ ಬರಲಿಲ್ಲ. ಬೀಗರ ಮನೆಯಲ್ಲಿ ಚಹಾ ಬರಲಿಲ್ಲ ಎಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

"ಒರಿಜಿನಲ್ ತಂದೀರಿಲ್ಲೋ ಅಕ್ಕಾರ?" ಎಂದ ಶಿವಾನಂದ.

ನಾನು ಯಂತ್ರ ತಿರುವಿ ಹಾಕಿ ಮುಚ್ಚಳ ಬಿಚ್ಚಿದೆ. ಬ್ಯಾಟರಿಯ ವೈರ್ ಕಿತ್ತೆ. ರ‍್ಯಾಮ್ ಪಟ್ಟಿಗಳನ್ನು ಹೊರತೆಗೆದು ಟಾರ್ಚ್ ಹಿಡಿದು ಸ್ಲಾಟಿನೊಳಗೆ ನೋಡಿದೆ. ಪಿನ್ನುಗಳ ಮೇಲೆ ಬಿಳಿಯ ಹಕ್ಕಳೆ ಕಟ್ಟಿತ್ತು. ಉಗುರಿನಷ್ಟು ಕೆರೆದು ಬೆರಳಲ್ಲಿ ತಿಕ್ಕಿದೆ. ನುಣ್ಣಗಿನ ಬೂದಿ. ಅದೇನೆಂದು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಭೂತಿ.

ಮನೆಗೆ ಹೊಸ ವಸ್ತು ಬಂದರೆ, ಟ್ರ್ಯಾಕ್ಟರ್ ಇರಲಿ, ಮಿಕ್ಸರ್ ಇರಲಿ, ದೇವರ ಜಗಲಿಯ ಮುಂದಿಟ್ಟು ವಿಭೂತಿ ಹಚ್ಚಿದ ಮೇಲೆಯೇ ಬಳಸುವುದು. ನನ್ನ ಅಂಗಡಿಯ ಯಂತ್ರಗಳಿಗೂ ನಾನು ಹಚ್ಚಿದ್ದೇನೆ. ಆದರೆ ನಾವು ಹಚ್ಚುವುದು ಹೊರಮೈಗೆ. ಇಲ್ಲಿ ಯಂತ್ರ ಹಳೆಯದು, ಹೊಸದಾಗಿ ಬಂದದ್ದು ರ‍್ಯಾಮ್ ಪಟ್ಟಿಗಳು. ಯಾರೋ ವಿಭೂತಿಯನ್ನು ನೀರಲ್ಲಿ ಕಲಸಿ ಆ ಪಟ್ಟಿಗಳಿಗೇ ಮೂರು ಬೆರಳು ಎಳೆದಿದ್ದರು, ಹಲ್ಲುಗಳ ಮೇಲೆಯೇ. ಅದು ಹಸಿಯಿರುವಾಗಲೇ ಸ್ಲಾಟಿಗೆ ಒತ್ತಿದ್ದರು. ಅದು ಒಳಗೆ ಆರಿ ಗಟ್ಟಿಯಾಗಿ, ಹಲ್ಲಿಗೂ ಪಿನ್ನಿಗೂ ನಡುವೆ ಗೋಡೆ ಎದ್ದಂತಾಗಿತ್ತು. ಯಾವ ರ‍್ಯಾಮ್ ಹಾಕಿದರೂ ನಡೆಯದಿದ್ದುದು ಅದಕ್ಕೇ.

ಇನ್ನೊಂದನ್ನೂ ನೋಡಿದೆ. ನನ್ನ ಪಟ್ಟಿಗಳ ಮೇಲೆ ವಿಭೂತಿ ಇರಲಿಲ್ಲ. ಅದನ್ನು ಅರಿವೆಯಿಂದ ತಿಕ್ಕಿ ತೆಗೆದಿದ್ದರು, ಅರಿವೆಯ ಎಳೆಗಳು ಚಿಪ್‌ಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಎಂದರೆ ಶಿವಾನಂದನಿಗೆ ಗೊತ್ತಿತ್ತು. ಬಿಚ್ಚಿದ್ದಾನೆ, ವಿಭೂತಿ ನೋಡಿದ್ದಾನೆ, ಪಟ್ಟಿ ಒರೆಸಿದ್ದಾನೆ. ಸ್ಲಾಟಿನ ಒಳಗೂ ಇರಬಹುದೆಂದು ಹೊಳೆದಿಲ್ಲ. ಆಮೇಲೆ ಏನೂ ಗೊತ್ತಿಲ್ಲದವನಂತೆ ಗುಂಪಿನಲ್ಲಿ ನನ್ನ ಹೆಸರು ಬರೆದಿದ್ದಾನೆ, ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿದ್ದಾನೆ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನಾನು ಕೆಳಗಿಟ್ಟೆ. ಇಟ್ಟದ್ದು ಒಳ್ಳೆಯದೇ ಆಯಿತು.

ಆಗ ನೀಲವ್ವ ಮೊದಲ ಸಲ ಬಾಯಿ ತೆರೆದಳು. "ಖರೆ ಹೇಳವಾ. ನಿನ್ನ ಮಾಲು ಕೆಟ್ಟಿತ್ತೋ ಇಲ್ಲೋ?"

ಅವ್ವನಿಗೆ ಕೊಟ್ಟ ಮಾತು ನಾಲಿಗೆಯ ಮೇಲೇ ಇತ್ತು. ಹ್ಞೂಂ ಎಂದರೆ ಸಾಕು, ಸವಿತಾ ಪಂಚಮಿಗೆ ಬರುತ್ತಾಳೆ. ಖರೆ ಹೇಳಿದರೆ ವಿಭೂತಿ ಹಚ್ಚಿದವರ ಮೇಲೆ ತಪ್ಪು ಬರುತ್ತದೆ, ಅದು ನೀಲವ್ವನೇ ಆಗಿರಬೇಕು, ಆ ಸಿಟ್ಟು ಮತ್ತೆ ಸವಿತಾಳ ಮೇಲೆಯೇ ತಿರುಗುತ್ತದೆ. ಬಾಗಿಲ ಕಡೆ ನೋಡಿದೆ. ಸವಿತಾ ನನ್ನನ್ನೇ ನೋಡುತ್ತಿದ್ದಳು. ಹೌದೆಂದೂ ಸನ್ನೆ ಮಾಡಲಿಲ್ಲ, ಬೇಡವೆಂದೂ ಮಾಡಲಿಲ್ಲ.

"ಇಲ್ರಿ ಅವ್ವಾರ. ಮಾಲು ಚಲೋ ಐತಿ. ಒಳಗ ವಿಭೂತಿ ಕುಂತೈತಿ" ಎಂದುಬಿಟ್ಟೆ.

ಶಿವಾನಂದ ನಕ್ಕ. "ವಿಭೂತಿಲಿಂದ ಲ್ಯಾಪ್‌ಟಾಪ್ ಕೆಡತೈತಂತ ಎಲ್ಲೆರ ಕೇಳೀರೇನ್ರಿ?"

ನಾನು ಅವನ ಹಳೆಯ ರ‍್ಯಾಮ್ ಕೇಳಿ ತರಿಸಿ ಹಾಕಿದೆ, ಬ್ಯಾಟರಿಯ ವೈರ್ ಜೋಡಿಸಿ ಗುಂಡಿ ಒತ್ತಿದೆ. ಕೇಸರಿ ದೀಪ ಮಿಣುಕಿತು. ಮತ್ತೆ ವೈರ್ ಕಿತ್ತು, ಮೆತ್ತನೆಯ ಕುಂಚವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಸ್ಲಾಟಿನ ಪಿನ್ನುಗಳನ್ನೆಲ್ಲ ತೊಳೆದೆ. ಅದು ಬೇಗ ಆರುವ, ಯಂತ್ರಕ್ಕೆ ಹಾನಿ ಮಾಡದ ದ್ರವ. ಆರಿದ ಮೇಲೆ ನಾನು ಅವನಿಗೆ ಮಾರಿದ್ದ ಅದೇ ಪಟ್ಟಿಗಳನ್ನು ಕೂರಿಸಿದೆ. ಪರದೆ ಬೆಳಗಿತು. ಚೀಲದಲ್ಲಿದ್ದ ಹೊಸ ಜೋಡಿಯನ್ನು ತೆಗೆದು, ಸೀಲ್ ಒಡೆದಿಲ್ಲವೆಂದು ಕಾಣುವಂತೆ ಮೇಜಿನ ಮೇಲಿಟ್ಟೆ.

"ವಿಭೂತಿ ನಾನ ಹಚ್ಚೇನಿ" ಎಂದಳು ನೀಲವ್ವ.

"ಹಚ್ಚಿದ್ದು ತಪ್ಪಲ್ರಿ ಅವ್ವಾರ. ಹಸೀ ಇದ್ದಾಗ ಒಳಗ ತುರುಕಿದ್ದು ತಪ್ಪು. ಕಂಡ ಮ್ಯಾಲೂ ಒರಸಿ ಸುಮ್ಮನ ಕುಂತಿದ್ದು ತಪ್ಪು" ಎಂದು ಅರಿವೆಯ ಎಳೆಗಳನ್ನು ತೋರಿಸಿದೆ.

ನೀಲವ್ವ ಮಗನ ಕಡೆ ತಿರುಗಿದಳು. "ಹಸೀ ಐತಿ, ಆರಲೆಪಾ ಅಂತ ನಾ ಹೇಳಿದ್ದೆ. ಹಂಗಾರ ನಿನಗ ಗೊತ್ತಿತ್ತು?"

"ಈಗ ಚಾಲೂ ಆತಲ್ಲ, ಬಿಡ ಅತ್ತಾಗ" ಎಂದ ಅವನು.

"ನಿನ್ನ ಮಾತ ಕೇಳಿ ಈಕಿ ಕೂಡ ಮಾತ ಬಿಟ್ಟೇನಲ್ಲೋ!" ಎಂದು ಮುದುಕಿ ಎದ್ದು ನಿಂತಳು. ಸವಿತಾಳಿಗೆ, "ಸೀರಿ ಬದಲ ಮಾಡ. ನಿಮ್ಮಕ್ಕನ ಕೂಡ ನಡಿ" ಎಂದಳು.

"ನಾ ಕಳಸೂದಿಲ್ಲ" ಎಂದ ಶಿವಾನಂದ.

"ನಿನ್ನ ಯಾರ ಕೇಳ್ಯಾರ?"

ಗುಂಪಿನಲ್ಲಿ ಬರೆದದ್ದು ತಪ್ಪೆಂದು ಅಲ್ಲಿಯೇ ಬರೆಯಬೇಕು ಎಂದು ಶಿವಾನಂದನಿಗೆ ಹೇಳಿದೆ. "ನೋಡೂಣಂತ" ಎಂದ. ನಾನು ಲ್ಯಾಪ್‌ಟಾಪಿನ ತಳದ ಮುಚ್ಚಳ ಹಾಕಲಿಲ್ಲ. ಅದನ್ನು ಹಾಗೇ ಅವನ ಮುಂದೆ ಸರಿಸಿ, "ಮುಚ್ಚೂದು ನೀವ ಮುಚ್ಚಕೊಳ್ರಿ. ವಿಡಿಯೋದಾಗ ತೋರಸ್ತಾರ" ಎಂದೆ. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಯಂತ್ರವನ್ನು ಬಾಯಿ ತೆರೆದಂತೆಯೇ ಬಿಟ್ಟು ಬಂದದ್ದು ಅದೊಂದೇ ಸಲ, ಅದಕ್ಕಾಗಿ ನನಗೆ ಇವತ್ತಿಗೂ ಎಳ್ಳಷ್ಟು ಬೇಸರವಿಲ್ಲ. ಅವನು ಗುಂಪಿನಲ್ಲಿ ತಿದ್ದುಪಡಿ ಬರೆಯಲಿಲ್ಲ, ಇನ್ನೂ ಬರೆದಿಲ್ಲ. ಮೂಡಲಗಿಯ ಕೆಲವು ಗಿರಾಕಿಗಳು ನನ್ನನ್ನು ಬಿಟ್ಟೇ ಹೋದರು. ನನಗೂ ಅವನಿಗೂ ಮಾತಿಲ್ಲ, ಬೇಕೂ ಇಲ್ಲ.

ಗೋಕಾಕದ ಬಸ್ಸಿನಲ್ಲಿ ಸವಿತಾ ಕಿಟಕಿಯ ಪಕ್ಕ ಕೂತಿದ್ದಳು. ಊರು ದಾಟಿದ ಮೇಲೆ, "ಅವರು ಆ ವಿಭೂತಿ ಒರಸುವಾಗ ಟಾರ್ಚ್ ಹಿಡದಾಕಿ ನಾನ ಅಕ್ಕಾ" ಎಂದಳು.

ನನಗೆ ಅವಳ ಮೇಲೂ ಸಿಟ್ಟು ಬಂತು. "ಮತ್ತ ಯಾಕ ಹೇಳಲಿಲ್ಲ?"

"ನಾ ಹೇಳಿದರ ಯಾರ ನಂಬತಿದ್ರು? ನೀ ಬರ್ತೀ ಅಂದ ಮ್ಯಾಲ, ನೀನರ ಖರೆ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಅವ್ವನ ಮಾತು ಕೇಳಿ ತಪ್ಪೊಪ್ಪಿಕೊಳ್ಳಲೆಂದೇ ಬಂದಿದ್ದೆ ಎಂದು ಅವಳಿಗೆ ಹೇಳಿದೆ. ಅವಳು ನನ್ನ ಮುಖವನ್ನು ನೋಡಿದಳು.

"ನೀನೂ ಹಂಗ ಅಂದಿದ್ದರ, ನನಗ ಹೋಗಾಕ ಯಾವ ಮನಿ ಉಳೀತಿತ್ತು?"

ಮನೆಯ ಶಾಂತಿಗಾಗಿಯೋ, ವ್ಯಾಪಾರಕ್ಕಾಗಿಯೋ, ಇಲ್ಲದ ದೋಷ ಇದೆ ಎನ್ನಿರಿ, ಇದ್ದದ್ದನ್ನು ಇಲ್ಲ ಎನ್ನಿರಿ ಎಂದು ಕೇಳುವವರು ಈಗಲೂ ಅಂಗಡಿಗೆ ಬರುತ್ತಾರೆ. ನಾನು ಆಗುವುದಿಲ್ಲ ಎಂದರೆ ಸೊಕ್ಕಿನ ಹೆಂಗಸು ಎನ್ನುತ್ತಾರೆ. ಅನ್ನಲಿ. ಬಿಚ್ಚಿ ನೋಡಿದವಳು ಕಂಡದ್ದನ್ನೇ ಹೇಳುತ್ತಾಳೆ ಎಂದು ನಂಬಿಕೊಂಡು ಯಾವುದೋ ಮನೆಯ ಅಡಿಗೆಮನೆಯ ಬಾಗಿಲಲ್ಲಿ ಒಬ್ಬಳು ನಿಂತಿರಬಹುದು.