ಗೋಡೆಯಾಚೆಯ ಬೈಗುಳ

ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಎಲ್ಲಿಯೂ ಐದು ನಿಮಿಷ ಕೂತವರಲ್ಲ. "ಕುಕ್ಕರ್ ಇಟ್ಟು ಬಂದಿದೀನಿ ಮಾರಾಯ್ತಿ" ಎಂದು ಎದ್ದುಬಿಡುತ್ತಿದ್ದರು. ಎರಡು ಮನೆಗೂ ಒಂದೇ ಗೋಡೆ. ಸೀಟಿ ಮಾತ್ರ ನಮಗೆ ಒಮ್ಮೆಯೂ ಕೇಳಿಸಿದ್ದಿಲ್ಲ.

ಮಗಳು ತೀರಿಕೊಂಡ ಮೇಲೆ ಅವರು ದೇವರ ಪಟಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದರು. ಸಂಜೆ ಬೇರೆ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದರು. ಲಕ್ಷ್ಮಿ ಬರುವ ಹೊತ್ತು ಎಂದು ಅಮ್ಮ ತಡೆದರೆ, "ಬಂದು ಏನು ಮಾಡ್ಬೇಕಿದೆ?" ಎನ್ನುತ್ತಿದ್ದರು.

ಆ ಸಲದ ಕ್ರಿಸ್‌ಮಸ್ ರಜೆಯ ಮಧ್ಯಾಹ್ನ ನಮ್ಮ ಟಿವಿಯಲ್ಲಿ ಕನ್ನಡಕ್ಕೆ ಡಬ್ ಆದ ಸಿನಿಮಾವೊಂದು ಬರುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಖಾಲಿ ಚರ್ಚಿಗೆ ನುಗ್ಗಿ ದೇವರಿಗೆ ಬಾಯಿಗೆ ಬಂದಂತೆ ಬೈದಳು. ಆಂಟಿ ಬಾಗಿಲಲ್ಲಿ ನಿಂತೇ ನೋಡುತ್ತಿದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

"ಇದೂ ಪ್ರಾರ್ಥನೇನಾ?" ಎಂದು ಅಮ್ಮನನ್ನು ಕೇಳಿದರು.

"ಅವಳು ಇನ್ಯಾರಿಗೆ ಬೈಬೇಕು ಅಕ್ಕಾ?"

"ಕುಕ್ಕರ್ ಇಟ್ಟು ಬಂದಿದೀನಿ" ಎಂದು ಆಂಟಿ ಹೊರಟೇ ಹೋದರು.

ಸಂಜೆ ಅಂಗಳದಲ್ಲಿ ಪೊರಕೆಯ ಸದ್ದಿರಲಿಲ್ಲ. ಗೋಡೆಯಾಚೆ ಅಟ್ಟದಿಂದ ಏನನ್ನೋ ಎಳೆದು ಇಳಿಸಿದ ಸದ್ದು ಕೇಳಿಸಿತು, ಆಮೇಲೆ ಆಂಟಿಯ ದನಿ: "ನಿಂಗೆ ಕಣ್ಣು ಕಾಣ್ಸಲ್ವಾ? ಇನ್ನೂ ಹದಿನಾರು ಕಣೋ ಅದಕ್ಕೆ!"

ನಾನು ಗಾಬರಿಯಿಂದ ಎದ್ದೆ. ಅಮ್ಮ ಕೈ ಹಿಡಿದು ಕೂರಿಸಿದಳು. "ಸುಮ್ನಿರು. ಅಲ್ಲಿ ಬೇರೆ ಯಾರೂ ಇಲ್ಲ."

ಬೈಗುಳ ನಿಲ್ಲಲಿಲ್ಲ. ನಡುನಡುವೆ, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು, ಆಂಟಿ ಪೂಜೆಯ ಗಂಟೆ ಬಾರಿಸುತ್ತಿದ್ದರು.